ಚಕ್ರದ ಮೇಲಿನ ಸೀಟು ಬೇಡ

ಇರ್ವಿನ್ ರಸ್ತೆಯ ಟ್ರಾವೆಲ್ಸ್ ಆಫೀಸಿನಲ್ಲಿ
ಫರ್ಹಾನ್ ಹಡಗನ್ನು ಮೇಜಿನ ಮೇಲೆ ಬಿಡಿಸಿದ.
ಅಂತಸ್ತಿಗೊಂದು ಹಾಳೆ, ಹಾಳೆಯ ತುಂಬ
ಬೆಂಕಿಪೊಟ್ಟಣದಂಥ ಕೋಣೆಗಳು.
ಫ್ಯಾನಿನ ಗಾಳಿಗೆ ಹಾರದಂತೆ ಒಂದು ಮೂಲೆಗೆ ಸ್ಟೇಪ್ಲರು,
ಇನ್ನೊಂದಕ್ಕೆ ನನ್ನ ಟೀ ಲೋಟ.
ಎಲ್ಲಿ ಬೇಕು ಹೇಳಿ ಮೇಡಂ,
ಮುಂದೆಯೋ, ಹಿಂದೆಯೋ, ನಡುವೆಯೋ?

ಇಪ್ಪತ್ತಾರು ವರ್ಷ ಜನಕ್ಕೆ ಜಾಗ ತೋರಿಸಿದವಳು ನಾನು.
ಒಳಗ್ ಹೋಗಿ, ಒಳಗ್ ಹೋಗಿ, ಹಿಂದೆ ಖಾಲಿ ಐತೆ
ಅಂತ ಸುಳ್ಳು ಹೇಳಿದವಳು.
ನಿಂಗೆಲ್ಲಿ ಬೇಕು ಅಂತ ನನ್ನನ್ನು ಕೇಳಿದವನು
ಇವನೇ ಮೊದಲು.

ಕೇಳಿದ ಮೇಲೆ ಹೇಳಬೇಕಲ್ಲ.
ಚಕ್ರದ ಮೇಲಿನ ಸೀಟು ಬೇಡಪ್ಪ ಅಂದೆ.
ನಕ್ಕ. ಹಡಗಿಗೆ ಚಕ್ರ ಇರಲ್ಲ ಮೇಡಂ.
ಇಲ್ಲದೆ ಇರಬಹುದು,
ಎತ್ತಿ ಹಾಕುವ ಜಾಗ ಅಂತ ಒಂದು ಇದ್ದೇ ಇರತ್ತೆ.
ಕಿರುಗಾವಲು ದಾಟಿದ ಮೇಲಿನ ಆ ಹಂಪಿನಲ್ಲಿ
ಹಿಂದಿನ ಸೀಟಿನ ಮದುವೆ ದಿಬ್ಬಣವೆಲ್ಲ
ಒಂದು ಗೇಣು ಮೇಲೆದ್ದು ಕೂತದ್ದು ನೋಡಿದ್ದೇನೆ,
ಹೆಣ್ಣು ಬಾಸಿಂಗ ಹಿಡಿದುಕೊಂಡು, ಗಂಡು ಕಂಬಿ ಹಿಡಿದುಕೊಂಡು.
ನಡುಸೀಟಿನ ಅಜ್ಜಿಗೆ ಎಚ್ಚರವೂ ಆಗಿರಲಿಲ್ಲ.
ಫರ್ಹಾನ್ ಪೆನ್ನು ಕಿವಿಗೆ ಸಿಕ್ಕಿಸಿ ನೆಟ್ಟಗೆ ಕೂತ.
ಅದೇ ಮೇಡಂ, ಅದೇ.
ನಡುಭಾಗ, ಕೆಳಗಿನ ಅಂತಸ್ತು. ತೂಗಾಟ ಕಮ್ಮಿ.

ಜಯಶೀಲಳಿಗೆ ಬಾಲ್ಕನಿ ಬೇಕು.
ಜೊತೆಗೆ ಬರುವವಳು, ಮಂಡ್ಯ ಡಿಪೋದವಳು,
ಮಂಡಿ ಎರಡೂ ಸವೆದಿವೆ, ಬಾಯಿ ಸವೆದಿಲ್ಲ.
ಫೋನಿನಲ್ಲೇ ಕೂಗಿದಳು: ಸಮುದ್ರಕ್ ಹೋಗಿ
ಗ್ವಾಡೆ ನೋಡ್ಬೇಕಾ, ಗ್ವಾಡೆ ಮನೇಲಿಲ್ವಾ?

ಬಾಲ್ಕನಿಗೆ ತಲೆಗೆ ಇಪ್ಪತ್ತೆರಡು ಸಾವಿರ ಹೆಚ್ಚು.
ದುಂಡು ಕಿಟಕಿಗೆ ಒಂಬತ್ತು.
ಕಿಟಕಿಯೇ ಇಲ್ಲದ್ದು ಎಲ್ಲಕ್ಕಿಂತ ಅಗ್ಗ,
ಬೆಳಗಾಯಿತು ಅಂತ ಗಡಿಯಾರ ಹೇಳಬೇಕು.
ಆರನೆಯದರಲ್ಲಿ ಕಿಟಕಿ ದೊಡ್ಡದು, ಎದುರಿಗೇ ನೇತುಹಾಕಿದ ದೋಣಿ:
ಮುಳುಗಿದರೆ ಮೊದಲು ಹತ್ತಬಹುದು,
ಮುಳುಗದಿದ್ದರೆ ಮೂರು ದಿನವೂ ಅದರ ಹೊಟ್ಟೆಯೇ ಗತಿ.
ಹನ್ನೊಂದರ ನೆತ್ತಿಯ ಮೇಲೆ ಊಟದ ಹಾಲು,
ಬೆಳಗಿನ ಜಾವಕ್ಕೇ ಕುರ್ಚಿ ಎಳೆಯುತ್ತಾರಂತೆ.
ಲಿಫ್ಟಿನ ಪಕ್ಕವೆಂದರೆ ಅವಳ ಮಂಡಿಗೆ ಸುಖ.
ಆದರೆ ಟಿಣ್ ಅಂದರೆ ಸಾಕು
ನಾನು ಈಗಲೂ ನಿದ್ದೆಯಲ್ಲೇ ರೈಟ್ ಅಂತೀನಿ.

ಹಾಳೆ ಮಗುಚಿ ಮಗುಚಿ ನೋಡಿದೆ.
ಕೆಲಸದವರು ಎಲ್ಲಿ ಮಲಗ್ತಾರಪ್ಪ?
ಫರ್ಹಾನನ ಬೆರಳು ನಾಲ್ಕನೆಯ ಅಂತಸ್ತಿನವರೆಗೆ ಇಳಿದು
ಅಲ್ಲಿಂದ ಮೇಜಿನ ಮರದ ಮೇಲೆ ಬಂತು.
ಅದು ನಕ್ಷೇಲಿ ಬರಲ್ಲ ಮೇಡಂ.
ಇನ್ನೂ ಕೆಳಗೆ, ನೀರಿನ ಮಟ್ಟಕ್ಕಿಂತ.
ಟೀ ಲೋಟ ಎತ್ತಿದೆ. ಮೂಲೆ ಸುರುಳಿ ಸುತ್ತಿಕೊಂಡಿತು.

ಹಲಗೂರು ನೈಟ್ ಹಾಲ್ಟ್, ತೊಂಬತ್ತೊಂಬತ್ತನೇ ಇಸವಿ.
ಡ್ರೈವರ್ ಚೌಡಯ್ಯನವರಿಗೆ ಪಂಚಾಯ್ತಿ ಜಗಲಿ.
ಹೆಂಗಸಿಗೆ ಅಂತ ಜಾಗ ಯಾವ ಹಾಳೆಯಲ್ಲೂ ಬರೆದಿರಲಿಲ್ಲ.
ಬಾಗಿಲನ್ನು ಒಳಗಿನಿಂದ ಹಗ್ಗದಲ್ಲಿ ಬಿಗಿದು
ಕ್ಯಾಶ್ ಬ್ಯಾಗು ತಲೆಯಡಿ ಇಟ್ಟು
ಮಲಗುತ್ತಿದ್ದದ್ದು ನಡುವಿನ ಮೂರು ಜನದ ಸೀಟಿನಲ್ಲಿ.
ನಿಂತ ಬಸ್ಸು, ಆದರೂ ತೂಗುತ್ತಿತ್ತು;
ಹಗಲೆಲ್ಲ ನಿಂತ ಕಾಲು ರಾತ್ರಿ ನಿಲ್ಲುವುದಿಲ್ಲ.
ಕಿಟಕಿಯಾಚೆ ಕತ್ತಲಲ್ಲಿ ಕಬ್ಬು
ಬೆಳತನಕ ಹೊರಳಿ ಹೊರಳಿ ಸದ್ದು ಮಾಡುತ್ತಿತ್ತು.
ಸಮುದ್ರ ಹೀಗೇ ಇರಬಹುದು ಅಂತೆಲ್ಲ ಆಗ ಅನ್ನಿಸಿರಲಿಲ್ಲ.
ಉಚ್ಚೆಗೆ ಎಲ್ಲಿ ಹೋಗಲಿ ಅಂತ ಅನ್ನಿಸುತ್ತಿತ್ತು.

ಮೇಡಂ? ಅಂದ ಫರ್ಹಾನ್.
ನಾಲ್ಕನೆಯದು ಹಾಕು. ನಡುವಿನದು. ದುಂಡು ಕಿಟಕಿ.
ಬಾಲ್ಕನಿ ಎಲ್ಲ ಬುಕ್ಕಾಗಿತ್ತು ಅಂತ
ಜಯಶೀಲಳಿಗೆ ನಾನು ಹೇಳಿಕೊಳ್ಳುತ್ತೇನೆ,
ಸುಳ್ಳು ಹೇಳಿ ಅಭ್ಯಾಸ ಇದೆ.
ಬಾತ್‌ರೂಮು ಕೋಣೆ ಒಳಗೇ ತಾನೆ?
ಒಳಗೇ ಮೇಡಂ.
ಇನ್ನೊಂದು ಸಲ ಕೇಳಿದೆ.

ರಸೀತಿ ಕೊಟ್ಟ. ಐವತ್ತು ರೂಪಾಯಿ ಚಿಲ್ಲರೆ ಇಲ್ಲ,
ಆಮೇಲೆ ಕೊಡ್ತೀನಿ ಅಂದ.
ಆಮೇಲೆ ಅನ್ನುವ ಸ್ಟಾಪಿನಲ್ಲಿ ಎಷ್ಟು ಜನ ಇಳಿದು ಹೋದರೆಂದು
ನನಗೆ ಗೊತ್ತಿಲ್ಲವೆ?
ಹಿಂದುಗಡೆ ಬರಿ ಅಂದೆ.
ಬರೆದ.
ಸುತ್ತ ದುಂಡು ನಾನೇ ಎಳೆದೆ.